ಹಿಂಗಾಲಿಲ್ಲದ ಕುರ್ಚಿ

ಹಳೆಯ ಪ್ಲಾಸ್ಟಿಕ್ ಕುರ್ಚಿ, ದೀಪಗಳನ್ನು ರಿಪೇರಿಗೆ ತರುವವರೆಲ್ಲ ಅವಳನ್ನು ಕಿವಿಯಕ್ಕ ಎಂದೇ ಕರೆಯುತ್ತಿದ್ದರು. ಕುರ್ಚಿಯನ್ನು ಮಗುಚಿ ಹಾಕಿ, ಬೆರಳ ಗೆಣ್ಣಿನಿಂದ ಒಮ್ಮೆ ತಟ್ಟಿ, ದೇವರ ಮುಂದೆ ನಿಂತವಳಂತೆ ಕಣ್ಣು ಮುಚ್ಚಿ ಕೇಳುವಳು. ಗಟ್ಟಿಯಿದ್ದದ್ದು ಟಣ್ ಎನ್ನುತ್ತದೆ. ಒಳಗೆ ಬಿರುಕಿದ್ದದ್ದು ಡಬ್ ಎನ್ನುತ್ತದೆ. ಡಬ್ ಎಂದ ಕುರ್ಚಿಗೆ ಅಡ್ಡಲಾಗಿ ಕೆಂಪು ದಾರ ಕಟ್ಟುವಳು. ದಾರವಿದ್ದರೆ ಅದು ನೋಡಲಿಕ್ಕೆ ಮಾತ್ರ, ಯಾರೂ ಕೂರುವಂತಿಲ್ಲ. ಅಣ್ಣ ತಂಗಿ ಇಬ್ಬರೇ ನಡೆಸುವ ಆ ಅಂಗಡಿಯಲ್ಲಿ ಇಪ್ಪತ್ತು ವರ್ಷದಿಂದ ಇದೇ ಕಟ್ಟಳೆ.

ಆವತ್ತು ಮಧ್ಯಾಹ್ನ ಊಟ ಮುಗಿಸಿ ಬಂದವಳಿಗೆ ಕಸದ ಬುಟ್ಟಿಯಲ್ಲಿ ಕತ್ತರಿಸಿ ಬಿಸಾಡಿದ ಕೆಂಪು ದಾರ ಕಂಡಿತು.

"ಅಣ್ಣಾ, ಇದು ಯಾವ ಕುರ್ಚೀದು?"

"ಹಲ್ಲಿನ ಡಾಕ್ಟ್ರದು. ಬೆಳಿಗ್ಗೆ ನೀನು ಬರೋಕೆ ಮುಂಚೇನೇ ಬಂದು ತಗೊಂಡು ಹೋದ್ರು." ಅಣ್ಣ ಒಂದು ದೀಪದ ಬುರುಡೆಯನ್ನು ಒರೆಸುತ್ತಲೇ ಹೇಳಿದ. "ಕುರ್ಚಿ ಮಡಿಕೇನ ತಿರುಗಿಸಿ ತಿರುಗಿಸಿ ನೋಡ್ದೆ ಕಣೇ, ಒಂದು ಬಿಳಿ ಗೆರೇನೂ ಇರ್ಲಿಲ್ಲ. ನೀನು ದಾರ ಬಿಚ್ಚೋದು ಮರೆತಿದ್ದೀಯ ಅಂದ್ಕೊಂಡು ಕತ್ತರಿಸಿಬಿಟ್ಟೆ."



ಅದು ಐವತ್ತು ವರ್ಷದ ಹಳೆಯ ಕಿತ್ತಳೆ ಬಣ್ಣದ ಕುರ್ಚಿ. ಒಂದೇ ಅಚ್ಚಿನಲ್ಲಿ ಎರೆದದ್ದು, ಎಲ್ಲೂ ಒಂದು ಬೆಸುಗೆಯಿಲ್ಲ. ಹಿಂಗಾಲುಗಳೇ ಇಲ್ಲ. ಬೆನ್ನಿನಿಂದ ಇಳಿದು ಬಂದು, ಆಸನವಾಗಿ ಮುಂದೆ ಚಾಚಿ, ಮೊಣಕಾಲಿನಂತೆ ಮಡಚಿ ನೆಲಕ್ಕೆ ಇಳಿಯುತ್ತದೆ. ಚಿತ್ರದ ಪುಸ್ತಕಗಳಲ್ಲಿ, ವಸ್ತುಸಂಗ್ರಹಾಲಯಗಳಲ್ಲಿ ಮೆರೆಯುವ ಜಾತಿ. ಕೂತವರ ಭಾರವನ್ನೆಲ್ಲ ಆ ಒಂದು ಮಡಿಕೆಯೇ ಹೊರಬೇಕು. ಅದು ಸೋತಾಗ ಪ್ಲಾಸ್ಟಿಕ್ ಮೊದಲು ಬೆಳ್ಳಗಾಗುತ್ತದೆ. ಈ ಕುರ್ಚಿಯಲ್ಲೂ ಕೂದಲಿನಷ್ಟು ಸಣ್ಣ ಬಿಳಿ ಗೆರೆಯಿತ್ತು. ತಟ್ಟಿದಾಗ ಡಬ್ ಎಂದಿತ್ತು. ದಾರ ಕಟ್ಟಿದ್ದಳು.

ಅಷ್ಟಕ್ಕೇ ಬಿಟ್ಟಿದ್ದರೆ ಆಗುತ್ತಿತ್ತು. ಆದರೆ ಅಂಥ ಚೆಲುವೆಯ ಮೈಮೇಲೆ ಆ ಗೆರೆ ನೋಡಲಾರದೆ, ಯಾರಿಗೂ ಹೇಳದೆ, ಬಿಸಿ ಗಾಳಿಯ ಯಂತ್ರ ಹಿಡಿದಿದ್ದಳು. ಬಿಸಿ ತಾಗಿದರೆ ಬಿಳಿ ಮಾಯವಾಗುತ್ತದೆ, ಬಣ್ಣ ಮರಳುತ್ತದೆ. ಬಲ ಮಾತ್ರ ಮರಳುವುದಿಲ್ಲ.

"ಅಮ್ಮ ಎಲ್ಲಿ?" ಎಂದಳು.

"ಹಲ್ಲಿನ ಸೆಟ್ಟು ಹಾಕಿಸ್ಕೊಳ್ಳೋಕೆ ಡಾಕ್ಟ್ರ ಹತ್ರ. ನಾನೇ ಬಿಟ್ಟು ಬಂದೆ. ಇವತ್ತು ರಾತ್ರಿ ಕಡಲೇಕಾಯಿ ತಿಂದೇ ತೀರ್ತೀನಿ ಅಂತ ಕುಣೀತಿದ್ಲು. ಯಾಕೆ, ಏನಾಯ್ತೇ?"

ಹೋದ ವರ್ಷ ಅಮ್ಮನ ಸೊಂಟದ ಮೂಳೆ ಮುರಿದು ಕಂಬಿ ಹಾಕಿದ್ದರು. ಇನ್ನೊಮ್ಮೆ ಬಿದ್ದರೆ ಏಳುವುದಿಲ್ಲ ಎಂದು ಮೂಳೆಯ ಡಾಕ್ಟರು ಬಾಯಿಬಿಟ್ಟೇ ಹೇಳಿದ್ದರು. ಹಲ್ಲಿನ ಡಾಕ್ಟರಿಗೆ ಫೋನ್ ಹಚ್ಚಿದಳು. ಅದು ಬಡಿದುಕೊಂಡೇ ಇತ್ತು, ಯಾರೂ ಎತ್ತಲಿಲ್ಲ.

ಓಡಿದಳು. ಚಪ್ಪಲಿ ಒಂದು ತಿರುವಿನಲ್ಲಿ ಉಳಿಯಿತು. ಪ್ರತಿ ಹೆಜ್ಜೆಗೂ ಕಿವಿಯೊಳಗೆ ಡಬ್, ಡಬ್ ಎಂದು ಅದೇ ಸದ್ದು. ದೇವರೇ, ನಾನು ಮುಚ್ಚಿದ್ದನ್ನು ನೀನೂ ಮುಚ್ಚಬೇಡ, ತೋರಿಸಿಕೊಡು ಎಂದು ಬೇಡಿಕೊಂಡಳು. ಬೇರೆ ಪ್ರಾರ್ಥನೆ ಬಾಯಿಗೆ ಬರಲಿಲ್ಲ.

ಡಾಕ್ಟರ ಹೊರಕೋಣೆಯ ಮೂಲೆಯಲ್ಲಿ ಅಣಬೆಯಾಕಾರದ ಬಿಳಿಯ ದೀಪ ಉರಿಯುತ್ತಿತ್ತು. ಅದೂ ಅವರ ಅಂಗಡಿಯಲ್ಲೇ ಹೊಳಪು ಪಡೆದದ್ದು. ಪಕ್ಕದಲ್ಲಿ ಕಿತ್ತಳೆ ಕುರ್ಚಿ. ಕುರ್ಚಿಯ ಮೇಲೆ ಅಮ್ಮ, ಮಗುವಿನ ಹಾಗೆ ಹಿಂದಕ್ಕೂ ಮುಂದಕ್ಕೂ ತೂಗಿಕೊಳ್ಳುತ್ತ ಕೂತಿದ್ದಳು.

"ಬಂದ್ಯಾ ಮಗಳೇ! ನೋಡು, ತೊಟ್ಟಿಲು ಇದ್ದ ಹಾಗಿದೆ. ನನ್ನ ಮಗಳು ತಿಕ್ಕಿದ ಕುರ್ಚಿ, ನಾನೇ ಮೊದಲು ಕೂರೋದು ಅಂತ ಜಗಳ ಆಡಿ ಕೂತೆ."

ದೀಪದ ಬೆಳಕು ಕುರ್ಚಿಯ ಮಡಿಕೆಗೆ ಅಡ್ಡಲಾಗಿ ಬೀಳುತ್ತಿತ್ತು. ಅಲ್ಲಿ ಗೆರೆ ಕಂಡಿತು. ಅಮ್ಮ ಹಿಂದಕ್ಕೆ ವಾಲಿದಾಗ ದಾರದಷ್ಟಾಯಿತು. ಮುಂದಕ್ಕೆ ಬಂದಾಗ ಕೂದಲಾಯಿತು. ಮತ್ತೆ ವಾಲಿದಳು. ಈ ಸಲ ಅದು ಕಡ್ಡಿಯಷ್ಟು ಅಗಲವಾಯಿತು.

"ಅಮ್ಮಾ, ಅಲ್ಲಾಡಬೇಡ."

"ಹಾಂ?"

ಆಗಲೇ ಒಳಗಿನಿಂದ ನರ್ಸಮ್ಮ ಕರೆದಳು: "ಅಜ್ಜೀ, ಬನ್ನಿ, ನಿಮ್ಮ ಸರದಿ!"

ಅಮ್ಮ ಏಳುವ ಬಗೆ ಕಿವಿಯಕ್ಕನಿಗೆ ಗೊತ್ತಿತ್ತು. ಸೊಂಟ ಮುರಿದಾಗಿನಿಂದ ಅವಳು ನೇರವಾಗಿ ಏಳಲಾರಳು. ಒಮ್ಮೆ ಪೂರ್ತಿ ಹಿಂದಕ್ಕೆ ಒರಗಿ, ಆ ಬೀಸಿನಲ್ಲೇ ಮುಂದೆ ಬಂದು ಎದ್ದು ನಿಲ್ಲುವಳು.

ಅಮ್ಮ ಹಿಂದಕ್ಕೆ ಒರಗಿದಳು.

ಕಿವಿಯಕ್ಕ ಕುರ್ಚಿಯ ಹಿಂದೆ ನೆಲಕ್ಕೆ ಬಿದ್ದು, ಮಂಡಿಯೂರಿ, ಆಸನದ ಅಡಿಗೆ ಹೆಗಲು ಕೊಟ್ಟಳು. ಆ ಕುರ್ಚಿಗೆ ಹುಟ್ಟಿನಿಂದ ಇಲ್ಲದಿದ್ದ ಹಿಂಗಾಲಾಗಿ ನಿಂತಳು. ಕಿವಿಯ ಪಕ್ಕದಲ್ಲೇ ಪಟ್ ಎಂದಿತು. ಹೆಗಲ ಮೇಲೆ ಅಮ್ಮನ ಭಾರವೆಲ್ಲ ಒಮ್ಮೆಗೇ ಇಳಿಯಿತು.

"ಡಾಕ್ಟ್ರೇ! ಮುಂದಿನಿಂದ ಎತ್ಕೊಳ್ಳಿ ಅಮ್ಮನ್ನ! ಬೇಗ!"

ಡಾಕ್ಟರು ಕೈಗವಸಿನಲ್ಲೇ ಓಡಿ ಬಂದರು. ನರ್ಸಮ್ಮ ಒಂದು ರಟ್ಟೆ, ಅವರೊಂದು ರಟ್ಟೆ ಹಿಡಿದರು. ಅಮ್ಮನ ಪಾದಗಳು ನೆಲ ಮುಟ್ಟಿದ ಸದ್ದನ್ನು ಕಣ್ಣು ಮುಚ್ಚಿಯೇ ಕೇಳಿಸಿಕೊಂಡು, ಕಿವಿಯಕ್ಕ ಹೆಗಲು ತೆಗೆದಳು. ಆಸನ ಮೆಲ್ಲಗೆ ಹಿಂದಕ್ಕೆ ಜೋತುಬಿತ್ತು.

"ಇದೇನ್ರೀ ಇದು? ಬೆಳಿಗ್ಗೆ ಹೊಸದರ ಹಾಗಿತ್ತಲ್ಲ!" ಡಾಕ್ಟರ ಮುಖ ಬಿಳಿಚಿಕೊಂಡಿತ್ತು.

"ಗೆರೆ ಇತ್ತು ಡಾಕ್ಟ್ರೇ. ನಾನೇ ಬಿಸಿ ಮಾಡಿ ಅಳಿಸಿದ್ದೆ. ಅಣ್ಣನಿಗೂ ಹೇಳಿರ್ಲಿಲ್ಲ."

"ಏನಂತೆ ಅದು?" ಎಂದು ಅಮ್ಮ ಕೇಳಿದಳು. ಅವಳು ಬಗ್ಗಿ ಮಗಳ ಹೆಗಲು ಮುಟ್ಟಿ ನೋಡಿದಳು. ರವಿಕೆ ಹರಿದಿತ್ತು, ರಕ್ತ ಒಸರುತ್ತಿತ್ತು. ಬೊಚ್ಚುಬಾಯಿಯ ನಗು ಆರಿಹೋಯಿತು.

ಕಿವಿಯಕ್ಕ ಹರಿದ ರವಿಕೆಯಿಂದ ಒಂದು ಎಳೆ ದಾರ ಕಿತ್ತಳು. ಗಂಟು ನಿಲ್ಲಲಿಲ್ಲ. ಎರಡು ಸಲ ಜಾರಿತು. ಮೂರನೆಯ ಸಲ, ಮುರಿದ ಕುರ್ಚಿಗೆ ಅಡ್ಡಲಾಗಿ ಅದನ್ನು ಕಟ್ಟಿದಳು.