ಅಕ್ಕ ತಂಗಿಗೆ ಬರೆದದ್ದು

ಹೋಟೆಲಿನ ಲಾಂಡ್ರಿಯಲ್ಲಿ ಒದ್ದೆ ಬಟ್ಟೆಯ ಗಂಟನ್ನು ಮಷೀನಿನಿಂದ ಎಳೆದೆತ್ತುವಾಗ ಪುಟ್ಟಿಯ ಕಾಲು ಜಾರಿತು. ನೆಲದ ಮೇಲೆ ಸೋಪಿನ ನೀರು ನಿಂತಿತ್ತು. ನಲವತ್ತು ದಾಟಿದ್ದರೂ ಮನೆಯವರಿಗೆ ಅವಳು ಪುಟ್ಟಿಯೇ. ಬಿದ್ದವಳು ಹೇಗೋ ಎದ್ದಳು, ಸೊಂಟ ಏಳಲಿಲ್ಲ. ಇನ್ನು ಭಾರ ಎತ್ತುವ ಕೆಲಸ ಮರೆತುಬಿಡಿ ಎಂದರು ವೈದ್ಯರು. ನೋವು ಮೊದಲಿಂದಲೇ ಇದ್ದಿರಬೇಕು ಎಂದು ಹೋಟೆಲಿನವರು ಕೈ ತೊಳೆದುಕೊಂಡರು. ಹೀಗೆ ಪುಟ್ಟಿ ಕೋರ್ಟಿನ ಮೆಟ್ಟಿಲು ಹತ್ತಿದಳು. ಹತ್ತಿದಳು ಎನ್ನುವುದು ಬರೀ ಮಾತಿಗೆ; ಒಂದೊಂದು ಮೆಟ್ಟಿಲಿಗೂ ಭಾವನ ತೋಳು ಬೇಕಾಗಿತ್ತು.

ಅಕ್ಕನ ಗಂಡ ಬೀಗ ರಿಪೇರಿಯವನು. ಕೋರ್ಟಿನ ಪ್ರತಿ ವಾಯಿದೆಗೂ ಅಂಗಡಿಯ ಶಟರ್ ಎಳೆದು, ಹಳೇ ವ್ಯಾನಿನ ಸೀಟಿಗೆ ದಿಂಬು ಒರಗಿಸಿ, ನಾದಿನಿಯನ್ನು ತಾನೇ ಕರೆದೊಯ್ಯುತ್ತಿದ್ದ. ದಾರಿಯುದ್ದಕ್ಕೂ ಬೀಗದ ವಿಷಯ, ಟೈರಿನ ವಿಷಯ, ಯಾರೋ ಗಿರಾಕಿ ಬಾಗಿಲು ತೆರೆದಿಟ್ಟುಕೊಂಡೇ ಬೀಗ ಒಡೆಸಿದ ವಿಷಯ. ಕೇಳುವವರು ಹೂಂಗುಟ್ಟದಿದ್ದರೂ ಅವನಿಗೆ ನಡೆಯುತ್ತಿತ್ತು.

ಮೊದಲ ಪೆಟ್ಟು ಒಂದು ಫೋಟೋದಿಂದ ಬಿತ್ತು. ಪುಟ್ಟಿ ಬಿದ್ದ ಮೇಲೆ ಬಂದ ತನ್ನ ಮಗನ ಹುಟ್ಟುಹಬ್ಬದ ಚಿತ್ರಗಳನ್ನು ಅಕ್ಕ ಇಂಟರ್ನೆಟ್ಟಿನಲ್ಲಿ ಎಲ್ಲರಿಗೂ ಕಾಣುವಂತೆ ಹಾಕಿದ್ದಳು. ಒಂದರಲ್ಲಿ ಪುಟ್ಟಿ ಮಗುವನ್ನು ಎತ್ತಿಕೊಂಡು ನಗುತ್ತಿದ್ದಳು. ಹೋಟೆಲಿನ ವಕೀಲರು ಅದನ್ನು ದೊಡ್ಡದಾಗಿ ಪ್ರಿಂಟ್ ಹಾಕಿಸಿ ತಂದಿದ್ದರು.

"ಸೊಂಟ ಮುರಿದವರು ಹೀಗೆ ನಗ್ತಾರೇನಮ್ಮ?"

"ಫೋಟೋಗೆ ಯಾರೂ ಅಳ್ತಾ ನಿಲ್ಲಲ್ಲ ಸಾರ್," ಎಂದಳು ಪುಟ್ಟಿ.

ಹೊರಗೆ ಬಂದ ಮೇಲೆ ಅವಳ ವಕೀಲೆ ಬೆಂಚಿನ ಮೇಲೆ ಕುಸಿದು ಕೂತು ಕೇಳಿದರು, "ಅವತ್ತು ನೋವಾಯ್ತು ಅಂತ ಯಾರಿಗಾದ್ರೂ ಮೆಸೇಜ್ ಮಾಡಿದ್ರಾ?"

"ಅಕ್ಕಂಗೆ ಮಾಡಿದ್ದೆ. ಮಗು ಎತ್ಕೊಂಡಿದ್ದೇ ತಪ್ಪಾಯ್ತು, ಮಗ್ಗುಲು ತಿರುಗೋಕೂ ಆಗ್ತಿಲ್ಲ ಅಂತ."

ವಕೀಲೆಯ ಮುಖ ಅರಳಿತು. ಆ ಸಾಲುಗಳು ಕೋರ್ಟಿಗೆ ಹೋದವು. ಕೊಟ್ಟ ಮೇಲೆ ತಿಳಿಯಿತು, ತೆರೆದ ಬಾಗಿಲಿನಲ್ಲಿ ಎರಡೂ ಕಡೆಯವರು ನುಗ್ಗಬಹುದು ಎಂದು. ತಮಗೆ ಬೇಕಾದ ನಾಲ್ಕು ಸಾಲು ಆರಿಸಿ ಕೊಟ್ಟರೆ ಹೇಗೆ, ಹಿಂದುಮುಂದು ಬೇಡವೇ ಎಂದು ಹೋಟೆಲಿನ ವಕೀಲರು ಎದ್ದರು. ಅದರಲ್ಲಿ ಬೇರೆಯವರ ಖಾಸಗಿ ವಿಷಯವೂ ಇದೆ ಎಂದು ವಕೀಲೆ ಎಷ್ಟು ಹೇಳಿದರೂ ಪೂರ್ತಿ ಸಂಭಾಷಣೆ ಕೊಡಬೇಕೆಂದು ಆದೇಶವಾಯಿತು. ಕೇಸಿಗೆ ಸಂಬಂಧಪಟ್ಟದ್ದನ್ನು ಮಾತ್ರ ಬಳಸಬೇಕು ಎಂದು ನ್ಯಾಯಾಧೀಶರು ಸೇರಿಸಿದರು. ಯಾವುದು ಸಂಬಂಧಪಟ್ಟದ್ದು ಎನ್ನುವುದು ಓದುವವರ ಕೈಯಲ್ಲಿತ್ತು.

ಅಕ್ಕ ಅಡುಗೆಮನೆಯಲ್ಲಿ ನಿಂತು ಫೋನನ್ನು ಮೇಲಿಂದ ಕೆಳಕ್ಕೆ ಜಾರಿಸಿದಳು. ಒಂದು ಕಡೆ ಬೆರಳು ನಿಂತಿತು. ಫೋನನ್ನು ಮಗುಚಿಟ್ಟಳು.

"ಅಳಿಸಿಬಿಡ್ಲಾ?"

"ಒಂದಕ್ಷರ ಅಳಿಸಿದ್ರೂ ಕೇಸ್ ಬಿದ್ದುಹೋಗತ್ತಂತೆ. ಕೇಸೇ ಬಿಟ್ಟುಬಿಡ್ತೀನಿ ಅಕ್ಕ, ನಂಗೂ ಸಾಕಾಗಿದೆ."

"ಹುಚ್ಚಿ. ಬಿಟ್ಟು ಏನು ಮಾಡ್ತೀಯ? ಈ ಸೊಂಟಕ್ಕೆ ಯಾರು ಕೆಲಸ ಕೊಡ್ತಾರೆ? ಕೊಡು. ನಾವೇನು ಕೊಲೆ ಮಾಡಿದೀವಾ?"

ಮುಂದಿನ ವಾಯಿದೆಗೆ ತಾನೇ ಆಟೋದಲ್ಲಿ ಹೋಗುತ್ತೇನೆ ಎಂದಳು ಪುಟ್ಟಿ. "ಇಷ್ಟು ದಿನ ಇಲ್ಲದ್ದು ಇವತ್ತೇನು?" ಎಂದು ಭಾವ ದಿಂಬನ್ನು ಬಡಿದು ಸೀಟಿಗೆ ಹಾಕಿದ.

ಹೋಟೆಲಿನ ವಕೀಲರು ಕನ್ನಡಕ ಏರಿಸಿಕೊಂಡು, ರಾಗವಿಲ್ಲದೆ, ಅಕ್ಕ ಬರೆದದ್ದನ್ನು ಓದಿದರು. "'ಅವರ ವ್ಯಾನಿನ ಸದ್ದು ಕೇಳಿದ್ರೆ ಸಾಕು, ತಲೆನೋವು ಶುರು. ಒಳ್ಳೆಯವರೇ ಕಣೆ, ಆದ್ರೆ ಬಾಯಿಗೆ ಬಿಡುವೇ ಇಲ್ಲ. ಒಂದೊಂದು ದಿನ ಬಚ್ಚಲಲ್ಲಿ ನಲ್ಲಿ ಬಿಟ್ಕೊಂಡು ಸುಮ್ನೆ ಕೂತಿರ್ತೀನಿ.' ಅದಕ್ಕೆ ತಂಗಿಯ ಉತ್ತರ, 'ನಂಗೂ ಕೋರ್ಟಿಗೆ ಹೋಗುವಾಗ ಕಿವಿಗೆ ಹತ್ತಿ ಇಟ್ಕೋಬೇಕು ಅನ್ಸತ್ತೆ.' ಸ್ವಾಮಿ, ಈ ಮನೆಯಲ್ಲಿ ನೋವು ಅನ್ನೋದು ಒಂದು ಮಾತಿನ ಚಾಳಿ. ವ್ಯಾನಿನ ಸದ್ದಿಗೂ ನಮ್ಮ ಹೋಟೆಲೇ ಪರಿಹಾರ ಕೊಡಬೇಕೆ?"

ಯಾರೋ ಕಿಸಕ್ಕನೆ ನಕ್ಕರು. ನ್ಯಾಯಾಧೀಶರು ಗದರಿ, ಅದನ್ನು ಬಿಟ್ಟು ಮುಂದುವರಿಸಿ ಎಂದರು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಹಿಂದಿನ ಬೆಂಚಿನಲ್ಲಿ ಭಾವ ತನ್ನ ಕೈಗಳನ್ನೇ ನೋಡುತ್ತಾ ಕೂತಿದ್ದ. ಉಗುರಿನ ಸಂದಿಯ ಗ್ರೀಸನ್ನು ಇನ್ನೊಂದು ಉಗುರಿನಿಂದ ಕೆರೆಯುತ್ತಿದ್ದ.

ವಾಪಸು ಬರುವಾಗ ಅವನು ಮಾತಾಡಲಿಲ್ಲ.

"ಭಾವ..."

"ಸೊಂಟ ನೋಯ್ತಿದ್ಯಾ? ನಿಧಾನಕ್ಕೆ ಓಡಿಸ್ಲಾ?"

ಅವಳಿಗೆ ಅಳು ಬಂತು. ಬೈದಿದ್ದರೆ ಮೇಲಿತ್ತು.

ಗಂಡನ ಮುಖ ನೋಡಿಯೇ ಅಕ್ಕನಿಗೆ ಎಲ್ಲ ತಿಳಿಯಿತು. ಅವನು ಊಟ ಮಾಡಿ ತನ್ನ ತಟ್ಟೆಯನ್ನು ತಾನೇ ತೊಳೆದಿಟ್ಟ.

"ಏನಾದ್ರೂ ಅನ್ನಿ," ಎಂದಳು ಅಕ್ಕ.

"ಏನು ಅನ್ಲಿ? ನೀನು ಬರೆದಿದ್ದು ನಂಗಲ್ವಲ್ಲ."

ಕೇಸು ಗೆದ್ದರು. ಚಿಕಿತ್ಸೆಯ ಖರ್ಚನ್ನೂ ಪರಿಹಾರವನ್ನೂ ಹೋಟೆಲಿನವರೇ ಕೊಡಬೇಕೆಂದು ತೀರ್ಪಾಯಿತು. ಒಂದು ಫೋಟೋದಿಂದ ನೋವನ್ನು ಅಳೆಯಲಾಗದು; ಅಕ್ಕ ತಂಗಿಯರ ಮಾತುಗಳು ಎಷ್ಟು ಬಿಚ್ಚುಮನಸ್ಸಿನವೆಂದರೆ, ಕೋರ್ಟಿಗೆ ತೋರಿಸಲೆಂದು ಯಾರೂ ಹೀಗೆ ಬರೆಯುವುದಿಲ್ಲ, ಆದ್ದರಿಂದ ನಂಬಬಹುದು ಎಂದು ನ್ಯಾಯಾಧೀಶರು ಬರೆದಿದ್ದರು. ಉದಾಹರಣೆಗೆಂದು ಕೆಲವು ಸಾಲುಗಳನ್ನೂ ಎತ್ತಿ ಕೊಟ್ಟಿದ್ದರು.

"ತೀರ್ಪು ಕೋರ್ಟಿನ ವೆಬ್‌ಸೈಟಲ್ಲಿದೆ," ಎಂದರು ವಕೀಲೆ ಖುಷಿಯಿಂದ. "ಯಾರು ಬೇಕಾದ್ರೂ ಓದಬಹುದು."

"ನಲ್ಲಿ ಬಿಟ್ಕೊಂಡು ಕೂತಿದ್ದೂ ಇದ್ಯಾ?" ಎಂದು ಕೇಳಿದಳು ಪುಟ್ಟಿ.

ವಕೀಲೆ ಕಾಗದ ತಿರುವಿ ಹಾಕಿದರು. "ಇದೆ," ಎಂದರು, ಸ್ವರ ಇಳಿಸಿ.

ಪುಟ್ಟಿಗೆ ಈಗ ಕೂತು ಮಾಡುವ ಕೆಲಸ ಸಿಕ್ಕಿದೆ, ಟಿಕೆಟ್ ಕೌಂಟರಿನಲ್ಲಿ. ಅಕ್ಕ ತಂಗಿ ಫೋನಿನಲ್ಲಿ ಬರೆದುಕೊಳ್ಳುವುದನ್ನು ಬಿಟ್ಟಿದ್ದಾರೆ. ಬಂದೆ, ಹೊರಟೆ, ಮಗುವಿಗೆ ಜ್ವರ ಇಳಿಯಿತು, ಇಷ್ಟೇ. ಉಳಿದದ್ದನ್ನು ಭೇಟಿಯಾದಾಗ ಹೇಳಬೇಕೆಂದುಕೊಳ್ಳುತ್ತಾರೆ. ಭೇಟಿಯಾಗುವ ಹೊತ್ತಿಗೆ ಮರೆತಿರುತ್ತದೆ, ಇಲ್ಲವೇ ಹೇಳುವಷ್ಟು ತ್ರಾಣ ಇರುವುದಿಲ್ಲ.

ಒಂದು ಭಾನುವಾರ ಪುಟ್ಟಿ ಊಟಕ್ಕೆ ಹೋಗಿದ್ದಳು. ಭಾವ ತಲೆ ಬಗ್ಗಿಸಿ ಉಣ್ಣುತ್ತಿದ್ದ.

"ಅಂಗಡೀಲಿ ಏನು ಸಮಾಚಾರ?" ಎಂದಳು ಅಕ್ಕ.

"ಏನಿಲ್ಲ. ಯಾರೋ ಕಾರಿನೊಳಗೆ ಕೀ ಬಿಟ್ಟು ಲಾಕ್ ಮಾಡ್ಕೊಂಡಿದ್ರು."

"ಆಮೇಲೆ?"

ಅವನು ತಲೆಯೆತ್ತಿ ಹೆಂಡತಿಯನ್ನು ನೋಡಿದ. ಉಪಚಾರಕ್ಕೆ ಕೇಳಿದಳೋ, ನಿಜವಾಗಿ ಕೇಳಿದಳೋ ಎಂದು ಅಳೆಯುವವನಂತೆ.

"ಆಮೇಲೆ ತೆಗೆದುಕೊಟ್ಟೆ," ಎಂದು ನೀರು ಕುಡಿದ.