ರಾಣಿಯ ಪದಕ್ಕೆ ಹಿಮ್ಮೇಳ

ಏಸಿಯ ತಂಪಿಗೆ ದಪ್ಪು ವಾದ್ಯದ ಚರ್ಮ ಸಡಿಲಾಗುತ್ತಿದೆ, ಪೆಟ್ಟು ಬಿದ್ದಲ್ಲಿ ನಾದ ಏಳದೆ ಬರೀ ಥಪ್ ಅನ್ನುತ್ತದೆ — ಅದಕ್ಕೇ ನಾಗವ್ವ ಬೆಳಿಗ್ಗೆ ಪಾರ್ಕಿಂಗಿನಲ್ಲಿ ಪೇಪರು ಸುಟ್ಟು ದಪ್ಪು ಕಾಯಿಸಲು ಕೂತದ್ದು, ವಾಚ್‌ಮನ್ ಓಡಿ ಬಂದು ಆಜೀ, ಇಥೆ ಆಗ್ ನಕೋ, ಇಲ್ಲಿ ಬೆಂಕಿ ಬೇಡ ಅಂತ ಮರಾಠಿಯಲ್ಲಿ ಕೂಗಿದ್ದು, ಮುದುಕಿ ತಲೆ ಕೂಡ ಎತ್ತದೆ ಚರ್ಮ ಕಾಯದಿದ್ರ ಪದ ಸುಳ್ಳಾಗ್ತದೋ ತಮ್ಮಾ ಅಂದದ್ದು — ಆಗ ಸಿದ್ದಲಿಂಗಪ್ಪನಿಗೆ ನಗು ಬಂದಿತ್ತು, ಈಗ ತುಂತುಣಿಯ ತಂತಿ ಮೀಟುವ ಬೆರಳು ಬೆವರುತ್ತಿದೆ. ಕೋಥರೂಡದ ಈ ಹಾಲಿನಲ್ಲಿ ಊರ ಕಡೆಯವರ ಸ್ನೇಹಸಮ್ಮೇಳನ, ವರ್ಷಾ ವರ್ಷಾ ಗೀಗೀ ಪದಕ್ಕೆ ತಾನೇ ಹಿಮ್ಮೇಳ, ಚಿಂಚವಾಡದ ಫ್ಯಾಕ್ಟರಿಯಲ್ಲಿ ಮೂವತ್ತು ವರ್ಷ ಲೇಥ್ ತಿರುಗಿಸಿದರೂ ಜನ ಗುರುತು ಹಿಡಿಯುವುದು ತುಂತುಣಿ ಸಿದ್ದಲಿಂಗಪ್ಪ ಎಂದೇ. ಮುಂದೆ ನಿಂತು ಹಾಡುವ ಸಂಜುವಿಗೆ ಗಂಟಲು ಕಟ್ಟಿತೆಂದು ನಿನ್ನೆ ಊರ ಕಡೆಯಿಂದ ಈ ನಾಗವ್ವನನ್ನು ಕರೆಸಿದರು, ಯಾವ ಪದಾ ಹಾಡ್ತೀಯವ್ವ ಅಂದರೆ, ಒಬ್ಬ ರಾಣೀದು, ತಾಸು ಹಿಡೀತದ, ನಾ ಬಿಟ್ಟ ನುಡಿ ನೀ ಎತ್ತಿಕೋ, ನುಡಿ ಮುಗಿದಾಗೊಮ್ಮೆ ಮುಂದೇನಾತವ್ವ ಅಂತ ಕೇಳು, ನೀ ಕೇಳದಿದ್ರ ಪದ ಮುಂದ ಹೋಗೂದಿಲ್ಲ, ಅಷ್ಟ ನಿನ್ನ ಕೆಲಸ ಅಂದಳು. ಅಷ್ಟೇ ಕೆಲಸ, ಆಯುಷ್ಯವಿಡೀ ಮತ್ತೇನು ಮಾಡಿದ್ದಾನೆ.

ಶುರುವಿನಲ್ಲಿ ಏನೂ ಅನಿಸಲಿಲ್ಲ. ರಾಣಿ ಮದುವೆಯಾಗಿ ಬಂದಳು, ಅರಮನೆಯಲ್ಲಿ ಬೀಸುವ ಕಲ್ಲು, ಎರಡು ಎಮ್ಮೆ — ಹೆಂಗಸರ ಪದದಲ್ಲಿ ರಾಜರ ಮನೆಯೆಂದರೆ ಹೀಗೇ, ಸೆಗಣಿ ಬಳಿಯದ ರಾಣಿ ಯಾವ ಪದದಲ್ಲಿದ್ದಾಳೆ ಹೇಳಿ — ಎಡಗೆನ್ನಿಯ ಮ್ಯಾಲ ಎಣ್ಣಿ ಸಿಡಿದ ಕಲಿಯವ್ವ ಅಂದಳು ನಾಗವ್ವ, ಎಣ್ಣಿ ಸಿಡಿದ ಕಲಿಯವ್ವ ಅಂತ ತಾನೂ ಎತ್ತಿದ, ಮುಂದೇನಾತವ್ವ ಅಂದ, ಆಮೇಲೆ, ಎಡಗೆನ್ನೆ, ಅತ್ತಿಗೆ ಸುಮಂಗಲಾಳ ಎಡಗೆನ್ನೆ, ಕರಿಗಡಬು ಕರಿಯುವಾಗ ಎಣ್ಣೆ ಸಿಡಿದು ಉಳಿದ ಕಲೆ, ಛೇ, ಎಣ್ಣೆ ಯಾರ ಕೆನ್ನೆಗೆ ಸಿಡಿಯುವುದಿಲ್ಲ. ಮೂರು ವರುಷಾದರೂ ತೊಟ್ಟಿಲ ಕಟ್ಟಲಿಲ್ಲ, ದೊರಿಗೆ ದೂರದ ಪ್ಯಾಟ್ಯಾಗ ಮತ್ತೊಂದು ಹೆಣ್ಣಿತ್ತ — ಮುಂದೇನಾತವ್ವ — ಬಾವೀ ಕಟ್ಟಿ ಮೂಡಲ ಕಲ್ಲು ಮೂರು ಹೋಳಾಗಿತ್ತ. ಆ ಕಲ್ಲು! ಅದರ ಮೇಲೆ ಕೂತು ತಾನು ಬೇವಿನ ಕಡ್ಡಿಯಿಂದ ಹಲ್ಲು ತಿಕ್ಕುತ್ತಿದ್ದದ್ದು, ಅತ್ತಿಗೆ ನೀರು ಸೇದುತ್ತ ಏಳೋ ಮೈದುನ, ಒಡದ ಕಲ್ಲಿನ ಮ್ಯಾಲ ಕುಂದರಬ್ಯಾಡ, ಜಾರಿ ಬಿದ್ದೀ ಅನ್ನುತ್ತಿದ್ದದ್ದು. ಮುಂದಿನ ಸಾಲಿನಲ್ಲಿ ಶಾಲು ಹೊದ್ದು ಕೂತಿದ್ದಾನೆ ಅಣ್ಣ ಗುರುಬಸಪ್ಪ, ಇವತ್ತಿನ ಮುಖ್ಯ ಅತಿಥಿ, ಸದಾಶಿವ ಪೇಠದ ಮೆಣಸಿನಕಾಯಿ ವ್ಯಾಪಾರಿ, ಇಷ್ಟು ತಂಪಿನಲ್ಲೂ ಕಾರ್ಯಕ್ರಮದ ಹಾಳೆಯಿಂದ ಗಾಳಿ ಹಾಕಿಕೊಳ್ಳುತ್ತಿದ್ದಾನೆ.

ಯಾರು ಕಟ್ಟಿದರು ಈ ಪದ? ನಾಗವ್ವ ಕಣ್ಣು ಮುಚ್ಚಿ ಹಾಡುತ್ತಿದ್ದಾಳೆ, ಅವಳಿಗೇನೂ ಗೊತ್ತಿರಲಿಕ್ಕಿಲ್ಲ, ಹತ್ತಿ ಬಿಡಿಸುವಾಗ ನಿಮ್ಮೂರ ಹೆಣ್ಣಮಕ್ಕಳ ಬಾಯಿಂದ ಕಲಿತೆ ಅಂದಿದ್ದಳು, ಭಾಳ ಹಳೇ ಪದ ಅಂದಿದ್ದಳು — ಎಲ್ಲಿಯ ಹಳೆಯದು, ನಲವತ್ತೆರಡು ವರ್ಷ. ಹದಿನಾರರ ತಾನು, ನಸುಕಿನಲ್ಲಿ ಚೆಂಬು ಹಿಡಿದು ಹೊರಟವನು, ಬಾವಿಯ ಹತ್ತಿರ ಅಣ್ಣ ನಿಂತಿದ್ದ, ಕೂಗುತ್ತಿರಲಿಲ್ಲ, ಓಡುತ್ತಿರಲಿಲ್ಲ, ಸುಮ್ಮನೆ ಬಗ್ಗಿ ಒಳಗೆ ನೋಡುತ್ತಿದ್ದ, ತನ್ನನ್ನು ಕಂಡ ಮೇಲೆಯೇ ಅಯ್ಯೋ ಸುಮಂಗಲಾ ಅಂತ ಬಾಯಿ ಬಡಿದುಕೊಂಡದ್ದು. ತಾಮ್ರದ ಕೊಡ ಬೋರಲು ಬಿದ್ದಿತ್ತು, ರಾಟೆಯ ಬುಡದಲ್ಲಿ ಹಗ್ಗ ಸುರುಳಿ ಸುತ್ತಿ ಇಟ್ಟದ್ದು ಇಟ್ಟಂತೆಯೇ ಇತ್ತು, ಒಂದು ಹನಿ ನೀರು ಮುಟ್ಟಿರಲಿಲ್ಲ. ನೀರು ಸೇದುವಾಗ ಕಾಲು ಜಾರ್ತು, ನೀ ಕಂಡಿ, ಹೌದಿಲ್ಲೋ — ಹೌದಣ್ಣ. ಪೊಲೀಸ್ ಫೌಜದಾರನ ಮುಂದೆಯೂ ಹೌದ್ರಿ, ಅತ್ತಿಗೆಯ ತಂದೆ ಕಾಲಿಗೆ ಬಿದ್ದು ಖರೇ ಹೇಳೋ ಕೂಸ ಎಂದು ಅತ್ತಾಗಲೂ ಹೌದ್ರಿ. ಥೂ ಇದರ ಬಾಯಿ. ಮೂರನೇ ದಿನ ತಡೆಯಲಾರದೆ ಅವ್ವ ಶಿವಗಂಗವ್ವ ಒಬ್ಬಳ ಮುಂದೆ ಅಂದಿದ್ದ, ಅವ್ವಾ ಹಗ್ಗ ಒಣಗಿತ್ತ — ಹಿಟ್ಟಿನ ಕೈಯಿಂದಲೇ ಬಾಯಿ ಮುಚ್ಚಿಬಿಟ್ಟಳು, ಒಬ್ಬಾಕಿ ಹೋದಳು, ಇವನೂ ಹೋದರ ನಾ ಯಾರನ್ನ ನೋಡಲಿ, ನುಂಗಿಬಿಡಪಾ. ನುಂಗಿದ. ಅವಳು ಮಾತ್ರ ನುಂಗಲಿಲ್ಲ ನೋಡಿ, ಬೀಸುವ ಕಲ್ಲಿನ ಮುಂದೆ ಗುನುಗುನು ಏನೋ ಹಾಡುತ್ತಿದ್ದವಳು ತಾನು ಒಳಗೆ ಬಂದರೆ ಥಟ್ಟನೆ ನಿಲ್ಲಿಸುತ್ತಿದ್ದಳು, ರಾಣಿ ಅನ್ನುವುದೊಂದು ಶಬ್ದ ಕಿವಿಗೆ ಬೀಳುತ್ತಿತ್ತು. ಅವ್ವ ಸತ್ತು ಹದಿನೆಂಟು ವರ್ಷವಾಯಿತು.

ಮುಂದೇನಾತವ್ವ — ಬಾಯಿ ತಾನಾಗಿ ಕೇಳುತ್ತದೆ, ಹಾಳು ರೂಢಿ, ಕೇಳಬಾರದಿತ್ತು, ಕೇಳದಿದ್ದರೆ ಪದ ಇಲ್ಲೇ ನಿಲ್ಲುತ್ತಿತ್ತು — ಆಕಿಗೆ ತಲಿ ತಿರಗತದ ಅಂತ ದೊರಿ ಊರೆಲ್ಲ ಹೇಳ್ಯಾನ. ಅಣ್ಣ ಹೇಳಿದ್ದ ಹೌದು, ಅತ್ತಿಗೆ ಸಾಯುವ ಎಂಟು ದಿನ ಮೊದಲಿಂದ ಕಟ್ಟೆಕಟ್ಟೆಗೆ ಕೂತು, ಸುಮಂಗಲಾಗ ತಲಿ ತಿರಗತದ, ಬಾವಿ ಕಡೆ ಹೋಗಬ್ಯಾಡ ಅಂದ್ರ ಕೇಳೂದಿಲ್ಲ. ಮೊನ್ನೆ ರವಿವಾರ ಅದೇ ಅಣ್ಣ ಅಂಗಡಿಯಲ್ಲಿ ಗಿರಾಕಿಗಳ ಮುಂದೆ, ಯಾರೂ ಕೇಳದಿದ್ದರೂ, ನಮ್ಮ ಸೊಸಿ ಆರತಿಗೆ ತಲಿ ತಿರಗತದರಿ, ಗ್ಯಾಲರಿ ಕಡೆ ಹೋಗಬ್ಯಾಡ ಅಂದ್ರ ಕೇಳೂದಿಲ್ಲ. ಗ್ಯಾಲರಿ ಅಂದರೆ ಹನ್ನೊಂದನೇ ಮಾಳಿಗೆಯ ಬಾಲ್ಕನಿ. ತಾನು ಆಗ ಬ್ಯಾಡಗಿ ಮೆಣಸಿನಕಾಯಿ ಮೂಸಿ ನೋಡುತ್ತಿದ್ದ, ಕೇಳಿಸಿತು, ಕೇಳಿಸಲಿಲ್ಲ ಎಂದುಕೊಂಡ. ಆರತಿ ಮೂರನೇ ಸಾಲಿನಲ್ಲಿದ್ದಾಳೆ, ಗಂಡ ಸ್ವಪ್ನಿಲ್, ಅಣ್ಣನ ಎರಡನೇ ಹೆಂಡತಿಯ ಮಗ, ಪಕ್ಕದಲ್ಲಿ ಮೊಬೈಲು ನೋಡುತ್ತಿದ್ದಾನೆ, ಅವಳು ಸೆರಗನ್ನು ಮೊಣಕೈವರೆಗೆ ಎಳೆದುಕೊಂಡಿದ್ದಾಳೆ, ಬೆಳಿಗ್ಗೆ ಉಪ್ಪಿಟ್ಟಿನ ಪ್ಲೇಟು ಕೊಡುವಾಗ ಆ ಸೆರಗು ಸರಿದದ್ದು ತಾನು ಕಂಡಿದ್ದಾನೆ, ನಾಲ್ಕು ಬೆರಳಿನ ಗುರುತು. ಕಾಕಾ, ನನಗ ಎಂದೂ ತಲಿ ತಿರಗಿಲ್ರಿ, ಮಾಮಾರು ಎಲ್ಲಾರ ಮುಂದ ಯಾಕ ಹಂಗ ಹೇಳ್ತಾರ್ರಿ? ಹಿರೇರು ಕಾಳಜೀಲೆ ಹೇಳ್ತಾರವ್ವ, ಸ್ವಲ್ಪ ತಾಳ್ಕೊ. ಹೌದ್ರಿ ಕಾಕಾ ಅಂದಿತು ಆ ಹುಡುಗಿ, ಅದೂ ಹೌದ್ರಿ, ಉಪ್ಪಿಟ್ಟು ಆರುವುದರೊಳಗೆ ತಾನು ತಿಂದು ಕೈ ತೊಳೆದ.

ನಾಗವ್ವ ಲಯ ಇಳಿಸುತ್ತಿದ್ದಾಳೆ, ಪದದ ತುದಿ ಹತ್ತಿರ ಬಂದಾಗ ಹಾಗೆಯೇ ಇಳಿಸಬೇಕು, ಕೊಡ ಬೋರಲ ಬಿದ್ದಿತ್ತ, ಕಂಡವ ಮೈದುನ ಒಬ್ಬ — ಅಣ್ಣನ ಕೈಯ ಹಾಳೆ ನಿಂತಿತು. ನೋಡುತ್ತಿದ್ದಾನೆ, ಅದೇ ನೋಟ, ಅದೇ ಸ್ವಲ್ಪ ಬಾಗಿದ ತಲೆ, ಹೌದಿಲ್ಲೋ ಅನ್ನುವ ಹುಬ್ಬು, ತನ್ನ ಮಗನ ಲಗ್ನ, ಫ್ಯಾಕ್ಟರಿಯ ನೌಕರಿ, ತಲೆಯ ಮೇಲಿನ ಸೂರು ಎಲ್ಲ ಅಣ್ಣ ಕೊಡಿಸಿದ್ದು, ಒಂದು ಹೌದಿಗೆ ಎಷ್ಟು ಕೊಟ್ಟಿದ್ದಾನೆ ಪುಣ್ಯಾತ್ಮ. ಮೈದುನ ಒಬ್ಬ ಎಂದು ತಾನು ಎತ್ತಿಕೊಂಡ, ಹಗ್ಗ ಹೆಂಗಿತ್ತ ಹೇಳೋ ಮೈದುನಾ ಎಂದು ನಾಗವ್ವ ನುಡಿ ಮುಗಿಸಿ ದಪ್ಪು ಎದೆಗಾನಿಸಿ ನಿಂತಳು, ಈಗ ಮುಂದೇನಾತವ್ವ ಅನ್ನಬೇಕು, ಅಂದರೆ ಪದ ತನ್ನ ದಾರಿ ಹಿಡಿದು ಮುಗಿದುಹೋಗುತ್ತದೆ, ಜನ ಚಪ್ಪಾಳೆ ತಟ್ಟುತ್ತಾರೆ, ಶ್ರೀಖಂಡ ಪೂರಿ ಊಟ, ಆರತಿ ಸ್ಕೂಟರಿನ ಹಿಂದೆ ಕೂತು ಹನ್ನೊಂದನೇ ಮಾಳಿಗೆಗೆ ಹೋಗುತ್ತಾಳೆ. ಮೈಕು ಗುಂಯ್ ಅನ್ನುತ್ತದೆ. ಆರತಿ ತನ್ನನ್ನೇ ನೋಡುತ್ತಿದ್ದಾಳೆ, ಸೆರಗು ಹಿಡಿದ ಕೈ ಹಾಗೇ ಇದೆ. ತುಂತುಣಿ ತೊಡೆಯ ಮೇಲೆ ಇಳಿಯಿತು, ಬಾಯಿ ತೆರೆಯಿತು, ರಾಗವಿಲ್ಲ, ತಾಳವಿಲ್ಲ, ಫೌಜದಾರನ ಮುಂದೆ ಹೊರಡಬೇಕಾಗಿದ್ದ ಹದಿನಾರರ ಒಡಕು ದನಿ — ಒಣಗಿತ್ತ. ಹಗ್ಗ ಒಣಗಿತ್ತರಿ, ನಾ ಕಂಡೀನಿ. ಅಣ್ಣ ಏಳುತ್ತಿದ್ದಾನೆ, ಶಾಲು ಜಾರುತ್ತಿದೆ, ಯಾರೋ ಮೈಕ್ ಬಂದ್ ಕರಾ ಅನ್ನುತ್ತಿದ್ದಾರೆ, ಏನೂ ಕಿವಿಗೆ ಹೋಗುತ್ತಿಲ್ಲ, ಕಣ್ಣ ಮುಂದೆ ರಾಟೆಯ ಬುಡ, ನಸುಕು, ಸುರುಳಿ ಸುತ್ತಿದ ಹಗ್ಗ, ಒಣಗಿದ್ದು, ಹಗ್ಗ, ಒಣಗಿದ್ದು.