ಹಿಂದಿನ ಎಡಮೂಲೆ

ನಾಲ್ಕು ಜನ ಸೇರಿ ಹಳಿಯಿಂದ ಎತ್ತಿ ಇಳಿಸಬೇಕಾದ ಮೋಟಾರು ಟ್ರಾಲಿಗೆ ರೈಲ್ವೆಯವರು ಇಬ್ಬರನ್ನೇ ಕೊಟ್ಟು ಕಳಿಸಿದರು. ತಿರುವಿನಲ್ಲಿ ಗೂಡ್ಸ್ ಗಾಡಿ ಬಂತು. ಒಬ್ಬ ಸತ್ತ, ಇನ್ನೊಬ್ಬನ ಕಾಲು ಹೋಯಿತು. ಟ್ರಾಲಿಯನ್ನು ಹೊತ್ತಿಗೆ ಸರಿಯಾಗಿ ಇಳಿಸದೆ ಇದ್ದದ್ದು ಸತ್ತವನ ತಪ್ಪು ಎಂದು ವಿಚಾರಣೆ ನಡೆಸಿದವರು ತೀರ್ಮಾನ ಕೊಟ್ಟರು.

ಸತ್ತವನ ಅಕ್ಕ ಆಟಿಕೆ ರಿಪೇರಿಯವಳು. ಅವಳ ಮೇಜಿಗೆ ಬರುವುದು ಕೀಲಿ ಕೊಟ್ಟರೆ ಕುಣಿಯುವ ಕೋತಿಗಳಲ್ಲ. ಹಳೆಯ ಕಾಲದ ಕರೆಂಟು ರೈಲುಗಳು. ತಗಡಿನ ಹಳಿಗೆ ತಂತಿ ಸಿಕ್ಕಿಸಿದರೆ ಎಂಜಿನ್ನಿನ ಹಂಗಿಲ್ಲದೆ ತಾವೇ ಓಡುವ ಪುಟ್ಟ ಬಂಡಿಗಳು. ಕ್ರೇನು ಹೊತ್ತದ್ದೊಂದು, ಬೆಂಕಿ ಆರಿಸುವುದೊಂದು, ಹಳಿ ಕೆಲಸದ ಗ್ಯಾಂಗನ್ನು ಕೂರಿಸಿಕೊಂಡು ಹೋಗುವುದೊಂದು. ಸುಟ್ಟ ಮೋಟಾರು ಬಿಚ್ಚಿ, ಕೂದಲೆಳೆಯಂಥ ತಾಮ್ರದ ತಂತಿಯನ್ನು ಮತ್ತೆ ಸುತ್ತಿ, ಸವೆದ ಕಾರ್ಬನ್ ಬದಲಿಸಿ ಕೊಡುತ್ತಾಳೆ. ಅಪ್ಪನ ಕಸುಬು. ಅಪ್ಪ ಮಗನಿಗೆ ಕಲಿಸಲು ಹೋಗಿ ಸೋತು ಮಗಳಿಗೆ ಕಲಿಸಿದ್ದ. “ಕೂತು ಮಾಡೋ ಕೆಲಸ ನನ್ನ ಕೈಲಿ ಆಗಲ್ಲಪ್ಪ, ನನಗೆ ದೊಡ್ಡ ರೈಲೇ ಆಗಬೇಕು” ಎಂದು ತಮ್ಮ ಹಳಿ ಗ್ಯಾಂಗಿಗೆ ಸೇರಿದ್ದ.

ಒಂದು ಸಲ ಅವನ ಟ್ರಾಲಿಯಂಥದೇ ಆಟಿಕೆ ಬಂಡಿ ಅವಳ ಮೇಜಿನ ಮೇಲೆ ಬಂದು ಕೂತಿತ್ತು. ಅಂಗೈಯಗಲದ ಕಿತ್ತಳೆ ಬಣ್ಣದ ಟ್ರಾಲಿ, ನಾಲ್ಕು ಮೂಲೆಗೆ ನಾಲ್ಕು ನೀಲಿ ಆಳುಗಳು. ಮುಂದಕ್ಕೂ ಹಿಂದಕ್ಕೂ ಒಂದೊಂದು ರಬ್ಬರಿನ ಮೂತಿ. ಆ ಮೂತಿ ಏನಕ್ಕಾದರೂ ಗುದ್ದಿದರೆ ಒಳಗಿನ ಪಟ್ಟಿ ಸರಿದು, ಬಂಡಿ ತಾನೇ ಬಂದ ದಾರಿಗೆ ವಾಪಸು ಓಡುತ್ತದೆ. ಕೆಲಸ ಮುಗಿಸಿ ಬಂದ ತಮ್ಮ ಕೈಯನ್ನೂ ತೊಳೆಯದೆ ಕುರ್ಚಿ ಎಳೆದುಕೊಂಡ. ಚಹಾದ ಲೋಟ ಅಡ್ಡ ಇಟ್ಟ. ಬಂಡಿ ಹೋಗಿ ಲೋಟಕ್ಕೆ ಗುದ್ದಿ ವಾಪಸಾಯಿತು. ಅವನು ಬಿದ್ದು ಬಿದ್ದು ನಕ್ಕ.

“ಇದನ್ನ ನಮ್ಮ ಸಾಹೇಬರಿಗೆ ತೋರಿಸಬೇಕು ಕಣೇ ಅಕ್ಕ. ನಮ್ಮದಕ್ಕೆ ಹಿಂದಕ್ಕೆ ಹೋಗೋ ಗೇರೇ ಇಲ್ಲ. ತಿರುಗಿಸಬೇಕು ಅಂದ್ರೂ ಎತ್ತಬೇಕು, ರೈಲು ಬಂತು ಅಂದ್ರೂ ಎತ್ತಬೇಕು. ಎತ್ತೀ ಎತ್ತೀ ನನ್ನ ಸೊಂಟ ಮುದುಕರ ಸೊಂಟ ಆಗಿದೆ.”

“ಮದುವೆ ಆಗು ಅಂದ್ರೂ ನಿನಗೆ ಸೊಂಟನೋವೇ.”

“ಅದನ್ನೂ ನಾಲ್ಕು ಜನ ಸೇರಿ ಎತ್ತೋ ಹಾಗಿದ್ರೆ ಹೇಳು, ನಾಳೇನೇ ಆಗ್ತೀನಿ.”

ಆಮೇಲೆ ಆ ನೀಲಿ ಆಳುಗಳನ್ನು ಗ್ರೀಸಿನ ಬೆರಳಲ್ಲಿ ಒಬ್ಬೊಬ್ಬರನ್ನಾಗಿ ಮುಟ್ಟಿದ. “ಇವನು ಮುಂಬಲ. ಇವನು ಮುನ್ನೆಡ. ಇವನು ಹಿಂಬಲ. ಈ ಚೆಲುವ ಇದ್ದಾನಲ್ಲ, ಇವನು ನಾನು. ಹಿನ್ನೆಡ.”

ಅವರ ಗ್ಯಾಂಗಿನಲ್ಲಿ ಹೆಸರಿಗಿಂತ ಮೂಲೆ ದೊಡ್ಡದು. ಟ್ರಾಲಿಯ ನಾಲ್ಕು ಮೂಲೆಗೆ ನಾಲ್ಕು ಹಿಡಿ. ಕೆಲಸಕ್ಕೆ ಸೇರಿದ ದಿನ ಯಾವ ಹಿಡಿ ಕೈಗೆ ಸಿಕ್ಕಿತೋ ಕೊನೆತನಕ ಅದೇ. ಮುಂದಿನ ಬಲಗಡೆಯವನು ಮುಂಬಲ, ಹಿಂದಿನ ಎಡಗಡೆಯವನು ಹಿನ್ನೆಡ. ದೂರದಲ್ಲಿ ರೈಲಿನ ಸದ್ದು ಕೇಳಿದರೆ ಹಿನ್ನೆಡ “ಹಿಡಿ!” ಎಂದು ಕೂಗಬೇಕು. ಆಗ ಯಾರೂ ಯಾರ ಮುಖವನ್ನೂ ನೋಡುವುದಿಲ್ಲ, ಕೈ ತಾನಾಗಿ ತನ್ನ ಮೂಲೆಗೆ ಹೋಗುತ್ತದೆ. “ಏಳು!” ಎಂದರೆ ಟ್ರಾಲಿ ಪಕ್ಕದ ಜಲ್ಲಿಯ ಮೇಲಿರುತ್ತದೆ. ಆ ಅಭ್ಯಾಸ ಮನೆಯವರೆಗೂ ಬಂದಿತ್ತು. ಮಂಚ ಸರಿಸುವಾಗ ತಮ್ಮ ಹೋಗಿ ನಿಲ್ಲುತ್ತಿದ್ದದ್ದು ಹಿಂದಿನ ಎಡಕ್ಕೆ. ಅಪ್ಪ ಸತ್ತಾಗ ಹೆಗಲು ಕೊಟ್ಟದ್ದೂ ಹಿಂದಿನ ಎಡಕ್ಕೇ.

ಮರುವರ್ಷ ಮುನ್ನೆಡ, ಹಿಂಬಲ ಇಬ್ಬರನ್ನೂ ಮನೆಗೆ ಕಳಿಸಿದರು. ಹೆಚ್ಚುವರಿಯಂತೆ. ಆಳುಗಳು ಹೆಚ್ಚಾಗಿದ್ದಾರೆಂದು ತಣ್ಣನೆಯ ಕೋಣೆಯಲ್ಲಿ ಕೂತು ಕಂಡುಹಿಡಿದವರಿಗೆ ಟ್ರಾಲಿ ಹಗುರಾಗಿಲ್ಲವೆಂಬುದು ಹೊಳೆಯಲಿಲ್ಲ. ಹೊಳೆದಿದ್ದರೂ ಎತ್ತಬೇಕಾದ ಸೊಂಟ ಅವರದಾಗಿರಲಿಲ್ಲ.

ಆ ಬೆಳಗ್ಗೆ ಯಾವ ಗಾಡಿಯೂ ಇಲ್ಲವೆಂದು ಹೇಳಿಯೇ ಇಬ್ಬರನ್ನೂ ಹಳಿಗೆ ಬಿಟ್ಟಿದ್ದರು. ಗಾಡಿ ಬಂತು. ಹಿನ್ನೆಡ “ಹಿಡಿ!” ಎಂದು ಕೂಗಿದ. ಕೈಗಳು ತಮ್ಮ ತಮ್ಮ ಮೂಲೆಗೇ ಹೋದವು. ಇಬ್ಬರೂ ಒಂದೇ ಪಕ್ಕ ನಿಂತು ದಬ್ಬಿದ್ದರೆ ಟ್ರಾಲಿ ಮಗುಚಿಕೊಂಡಾದರೂ ಹಳಿ ಬಿಡುತ್ತಿತ್ತೇನೋ. ಮುಂದಿನ ಬಲ, ಹಿಂದಿನ ಎಡ ಎತ್ತಿದ್ದಕ್ಕೆ ಅದು ಇದ್ದಲ್ಲೇ ತಿರುಚಿಕೊಂಡು, ಚಕ್ರದ ಅಂಚು ಹಳಿಗೆ ಕಚ್ಚಿಕೊಂಡಿತು. “ಬಿಟ್ಟು ಓಡಬಹುದಿತ್ತಲ್ಲ?” ಎಂದು ವಿಚಾರಣೆಯಲ್ಲಿ ಕೇಳಿದರು. ಹಳಿಯ ಮೇಲೆ ಮುಷ್ಟಿಗಾತ್ರದ ಕಲ್ಲು ಕಂಡರೂ ಬಗ್ಗಿ ಎತ್ತಿ ಬಿಸಾಡದೆ ಮುಂದೆ ಹೋಗುವವರಲ್ಲ ಅವರು. ಬರುವ ಗಾಡಿಯಲ್ಲೂ ಒಬ್ಬ ಡ್ರೈವರ್ ಕೂತಿದ್ದಾನೆಂದು ಅವರಿಗೆ ಗೊತ್ತಿತ್ತು. ಕೈಬಿಟ್ಟು ಹೋಗುವ ವಿದ್ಯೆ ಮೇಲಿನವರಿಗೆ ಬರುತ್ತಿತ್ತು, ಅವರಿಗೆ ಬರುತ್ತಿರಲಿಲ್ಲ.

ತಮ್ಮನನ್ನು ಹೊರಲು ಮಾತ್ರ ನಾಲ್ಕು ಹೆಗಲು ಸಿಕ್ಕವು. ಹಿಂದಿನ ಎಡಕ್ಕೆ ಅಕ್ಕ ನಿಂತಳು.

ಆಮೇಲೆ ಅವಳು ಮೇಜಿನ ಮುಂದೆ ಕೂತಳು, ತಂತಿ ಸುತ್ತಿದಳು. ಬಾಗಿಲು ಸದ್ದಾದರೆ ಎರಡನೆಯ ಲೋಟಕ್ಕೆ ಕೈ ಹೋಗುತ್ತಿತ್ತು. ಹೋದ ಕೈಯನ್ನು ವಾಪಸು ತರುವುದೇ ಅವಳಿಗೆ ದಿನದ ದೊಡ್ಡ ಕೆಲಸವಾಯಿತು.

ಕೆಲವು ವರ್ಷಗಳ ಮೇಲೆ ರೈಲ್ವೆಯವರು ಹಳೆಯ ಗೂಡ್ಸ್ ಶೆಡ್ಡಿಗೆ ಸುಣ್ಣಬಣ್ಣ ಹೊಡೆದು ಮ್ಯೂಸಿಯಂ ಮಾಡಿದರು. ಒಂದೊಂದು ಆಟಿಕೆ, ಅದರ ಪಕ್ಕದಲ್ಲೇ ಅದರ ಅಸಲಿ ಬಂಡಿ. ಗುಂಡಿ ಒತ್ತಿದರೆ ಆಟಿಕೆ ಓಡಬೇಕು. ಯಾರೋ ಶ್ರೀಮಂತ ತೀರಿಕೊಂಡ ಮೇಲೆ ಅವನ ಮಕ್ಕಳು ದಾನ ಕೊಟ್ಟಿದ್ದ ಆಟಿಕೆಗಳ ಪೆಟ್ಟಿಗೆ ರಿಪೇರಿಗೆಂದು ಅವಳಲ್ಲಿಗೆ ಬಂತು. ಕಾಗದ ಬಿಡಿಸಿದಳು. ಕಿತ್ತಳೆ ಬಣ್ಣದ ಟ್ರಾಲಿ. ತಳ ತೆಗೆದು ನೋಡಿದರೆ ಮೋಟಾರಿಗೆ ತಾನೇ ಹಿಂದೊಮ್ಮೆ ಕಟ್ಟಿದ್ದ ಕೆಂಪು ದಾರ. ಅದೇ ಬಂಡಿ.

ಬೇಡ ಎನ್ನಬಹುದಿತ್ತು. ಬೇರೆ ಯಾರೋ ಅದನ್ನು ಬಿಚ್ಚುವುದು ನೆನೆದು ಮನಸ್ಸು ಬರಲಿಲ್ಲ. ಬಿಚ್ಚಿದಳು, ಒರೆಸಿದಳು, ಎಣ್ಣೆ ಬಿಟ್ಟಳು. ನಾಲ್ಕೂ ಆಳುಗಳಿಗೆ ಬಣ್ಣ ತೀಡಿದಳು. ಹಿನ್ನೆಡನ ಮುಖ ತೀಡುವಾಗ ಕುಂಚ ಜಾರಿ ತುಟಿ ಸ್ವಲ್ಪ ವಾರೆಯಾಯಿತು. ಹಾಗೇ ಬಿಟ್ಟಳು. ಅವನು ನಗುತ್ತಿದ್ದದ್ದೂ ವಾರೆಯಾಗಿಯೇ.

ಉದ್ಘಾಟನೆಯ ಹಿಂದಿನ ಮಧ್ಯಾಹ್ನ ಆಟಿಕೆ ಜೋಡಿಸಲು ಹೋದರೆ ಬಾಗಿಲಲ್ಲಿ ಮುಂಬಲ ನಿಂತಿದ್ದ. ಒಂದು ಕಾಲು ಮರದ್ದು, ಮೈಮೇಲೆ ಹೊಸ ಕೋಟು.

“ಏನೋ ಮುಂಬಲ, ಸ್ಟೇಷನ್ ಮಾಸ್ಟರ್ ಆಗ್ಬಿಟ್ಯಾ?”

“ಗುಂಡಿ ಒತ್ತೋ ಮಾಸ್ಟರ್ ಅಕ್ಕ. ಕೋಟಿಗೆ ಜೇಬೇ ಇಡಿಸಿಲ್ಲ ನೋಡು, ಈ ಕೈಗಳನ್ನ ಎಲ್ಲಿಡೋದೋ ತಿಳೀತಿಲ್ಲ.” ನಕ್ಕವನು ತಕ್ಷಣ ನಗು ನಿಲ್ಲಿಸಿದ. “ಒಳಗೆ ಹೋಗ್ತಿದ್ದೀಯ. ಸ್ವಲ್ಪ ಗಟ್ಟಿ ಮನಸ್ಸು ಮಾಡ್ಕೋ.”

ಒಳಗೆ ಗಾಜಿನ ಪೆಟ್ಟಿಗೆಯ ಪಕ್ಕ ಅಸಲಿ ಟ್ರಾಲಿ ನಿಂತಿತ್ತು. ಹೊಸ ಕಿತ್ತಳೆ ಬಣ್ಣದ ವಾಸನೆ ಇನ್ನೂ ಬರುತ್ತಿತ್ತು. ಮೇಲೆ ಬಟ್ಟೆ ಅಂಗಡಿಯ ನಾಲ್ಕು ಗೊಂಬೆಗಳಿಗೆ ನೀಲಿ ಸಮವಸ್ತ್ರ ತೊಡಿಸಿ ನಾಲ್ಕು ಮೂಲೆಗೆ ಕೂರಿಸಿದ್ದರು. ನಾಲ್ಕಕ್ಕೂ ಒಂದೇ ನಗು. ಕೆಳಗೆ ಫಲಕ: ‘ಹಳಿ ಕಾಯುವ ನಾಲ್ವರ ತಂಡ’.

ಟ್ರಾಲಿಯನ್ನು ಗೋಡೆಗೆ ತುಸು ಹತ್ತಿರ ಮಾಡಬೇಕಿತ್ತು. ನಾಲ್ಕು ಜನ ಹಮಾಲರು ಬಂದರು, ಅವರಲ್ಲೊಬ್ಬ “ಹಿಡೀರಪ್ಪ” ಎಂದ. ಮುಂಬಲನ ಊರುಗೋಲು ನೆಲಕ್ಕೆ ಬಿತ್ತು. ನೋಡಿದರೆ ಅವನು ಮುಂದಿನ ಬಲಮೂಲೆಯಲ್ಲಿ ಬಗ್ಗಿ ನಿಂತಿದ್ದ, ಎರಡು ಕೈಯೂ ಹಿಡಿಯ ಮೇಲೆ.

“ಅಣ್ಣ, ಜಾಗ ಬಿಡು, ನಾವು ಎತ್ತುತೀವಿ” ಎಂದ ಹಮಾಲ.

ಮುಂಬಲ ಬಿಡಲಿಲ್ಲ. ಬೆರಳು ಬಿಳಿಚಿಕೊಂಡಿದ್ದವು. ಅವನು ಓರೆಯಾಗಿ ಎದುರಿನ ಮೂಲೆಯಿಂದ ಬರಬೇಕಾದ ಒಂದು ಕೂಗಿಗೆ ಕಾಯುತ್ತಿದ್ದ. ಅಕ್ಕ ಹೋಗಿ ಅವನ ಬೆನ್ನಿನ ಮೇಲೆ ಕೈ ಇಟ್ಟಳು. ಆಮೇಲೆ ಸುತ್ತಿ ಬಂದು ಹಿಂದಿನ ಎಡಮೂಲೆಯ ಹಿಡಿಯನ್ನು ಮುಟ್ಟಿದಳು. ಬಣ್ಣದ ಕೆಳಗೆ ಕಬ್ಬಿಣ ಸೊಟ್ಟಗಿತ್ತು.

“ಇದು ಅದೇನಾ?”

“ಅದೇ” ಎಂದ ಮುಂಬಲ, ತಲೆ ಎತ್ತದೆ.

ಮ್ಯೂಸಿಯಂ ಸಾಹೇಬರು ಬಂದರು. ವಯಸ್ಸಿನಲ್ಲಿ ಚಿಕ್ಕವರು, ಮಾತು ಮೃದು. “ಚೆನ್ನಾಗಿ ಮಾಡಿದೀರಿ ಅಮ್ಮ, ಹೊಸದರ ಹಾಗೇ ಇದೆ.”

“ಸಾಹೇಬರೇ, ಈ ಟ್ರಾಲಿ ಮೇಲೆ ಕೊನೆಗೆ ಹೋದೋರು ಇಬ್ಬರು. ನಾಲ್ಕು ಜನಾನ ಯಾಕೆ ಕೂರಿಸಿದೀರಿ?”

“ಆಟಿಕೆಯಲ್ಲಿ ನಾಲ್ಕು ಜನ ಇದಾರಲ್ಲಮ್ಮ. ಎರಡೂ ಒಂದೇ ಥರ ಕಾಣಬೇಕು, ಅದೇ ಈ ಮ್ಯೂಸಿಯಮ್ಮಿನ ಚೆಂದ.”

ಸುಳ್ಳಿಗೆ ಸಾಕ್ಷಿ ಬೇಕಿತ್ತು, ಆ ಸಾಕ್ಷಿಗೆ ಅವಳೇ ಎಣ್ಣೆ ಬಿಟ್ಟು ಬಣ್ಣ ತೀಡಿ ತಂದುಕೊಟ್ಟಿದ್ದಳು. ಚೀಲದಿಂದ ಸಣ್ಣ ಸ್ಕ್ರೂಡ್ರೈವರ್ ತೆಗೆದಳು. ಗಾಜಿನ ಮುಚ್ಚಳ ಎತ್ತಿ, ಆಟಿಕೆಯನ್ನು ತಿರುವಿ ಹಾಕಿ, ಮುಂದಿನ ಎಡದವನನ್ನು ಬಿಚ್ಚಿದಳು, ಹಿಂದಿನ ಬಲದವನನ್ನು ಬಿಚ್ಚಿದಳು. ಇಬ್ಬರನ್ನೂ ತಂದು, ಮುಂಬಲನ ಕೈಯನ್ನು ಹಿಡಿಯಿಂದ ಬಿಡಿಸಿ ಅಂಗೈಯಲ್ಲಿಟ್ಟಳು.

“ತಗೋ, ನಿನ್ನ ಕೈಗೊಂದು ಕೆಲಸ.”

ಆಟಿಕೆಯನ್ನು ಹಳಿಯ ಮೇಲಿಟ್ಟು ಗುಂಡಿ ಒತ್ತಿದಳು. ಇಬ್ಬರನ್ನೇ ಹೊತ್ತ ಬಂಡಿ ಗುರ್ ಎಂದು ಓಡಿತು, ತುದಿಗೆ ಗುದ್ದಿತು, ವಾಪಸಾಯಿತು. ಮತ್ತೆ ಗುದ್ದಿತು, ಮತ್ತೆ ವಾಪಸಾಯಿತು. ಪ್ರತಿ ಸಲವೂ ಆ ವಾರೆ ತುಟಿಯ ಆಳು ಬದುಕಿಕೊಂಡು ಬಂದ. ಅವಳಿಗೆ ಕಣ್ಣು ಕಾಣದಾಯಿತು, ಒರೆಸಿಕೊಳ್ಳಲಿಲ್ಲ.

“ಇದೇನಮ್ಮ ಇದು!” ಸಾಹೇಬರ ದನಿ ಇನ್ನೂ ಮೃದುವಾಗಿಯೇ ಇತ್ತು.

“ಎರಡೂ ಒಂದೇ ಥರ ಕಾಣಬೇಕು ಅಂದ್ರಲ್ಲ. ಅಲ್ಲಿಂದಲೂ ಇಬ್ಬರನ್ನ ಇಳಿಸಿ.”

“ನಿಮ್ಮ ತಮ್ಮನ ವಿಷಯ ನನಗೆ ಗೊತ್ತಿಲ್ಲ ಅಂದ್ಕೊಂಡ್ರಾ? ಇವರಿಗೆ ಇಲ್ಲಿ ಕೆಲಸ ಕೊಡಿಸಿದ್ದೇ ನಾನು. ನಾಳೆ ದೊಡ್ಡವರು ಬಂದು, ಇಬ್ಬರೇ ಯಾಕೆ ಅಂತ ಕೇಳಿದ್ರೆ ಮೊದಲು ಹೋಗೋದು ಇವರ ಕೆಲಸ. ಅದನ್ನಾದ್ರೂ ಯೋಚನೆ ಮಾಡಿ.”

ಅವಳು ಮುಂಬಲನ ಕಡೆ ತಿರುಗಿದಳು. ಅವನು ಮುಷ್ಟಿ ಮುಚ್ಚಿಕೊಂಡು ಟ್ರಾಲಿಯನ್ನೇ ನೋಡುತ್ತಿದ್ದ.

“ನನ್ನ ಮುಖ ನೋಡಬೇಡ ಅಕ್ಕ. ಎತ್ತೋವಾಗ ನಾವು ಒಬ್ಬರ ಮುಖ ಒಬ್ಬರು ನೋಡಲ್ಲ.”

ಸಾಹೇಬರು ಗುಂಡಿ ಒತ್ತಿ ಬಂಡಿ ನಿಲ್ಲಿಸಿದರು. ದನಿಯ ಮೃದುತನ ಈಗ ಹೋಗಿತ್ತು. “ಆ ಇಬ್ಬರನ್ನ ವಾಪಸ್ ಕೂರಿಸಿ.”

“ಅವರನ್ನ ಮನೆಗೆ ಕಳಿಸಿದ್ದು ನಿಮ್ಮೋರು” ಎಂದಳು ಅಕ್ಕ. ಸ್ಕ್ರೂಡ್ರೈವರನ್ನು ಚೀಲಕ್ಕೆ ಹಾಕಿಕೊಂಡಳು. “ನಾನು ಕೂರಿಸಲ್ಲ.”